ಕೂತು ಉಣ್ಣುವ ಗಾಡಿಗೆ ಕುಡಿಕೆ ಕರೆಂಟು ಸಾಲದು

"ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಅಂತ ನಮ್ಮಲ್ಲೊಂದು ಗಾದೆ ಇದೆ. ದುಡಿಯದೆ ಕೂತವನ ಮನೆಯಲ್ಲಿ ಕುಡಿಕೆ ತುಂಬ ಚಿನ್ನವಿದ್ದರೂ ಒಂದು ದಿನ ಖಾಲಿಯಾಗಲೇಬೇಕು. ನನ್ನ ಪ್ರಕಾರ ಈ ಗಾದೆ ಮನುಷ್ಯರಿಗಿಂತ ಚೆನ್ನಾಗಿ ಒಪ್ಪುವುದು ನಿಂತ ಗಾಡಿಯ ಬ್ಯಾಟರಿಗೆ. ಅದರಲ್ಲೂ ಅಮೆರಿಕದವರ ಟ್ರಾವೆಲ್ ಟ್ರೈಲರಿನ ಬ್ಯಾಟರಿಗೆ!

ಟ್ರಾವೆಲ್ ಟ್ರೈಲರ್ ಅಂದರೆ ಕಾರಿನ ಹಿಂದೆಯೋ ಪಿಕಪ್ ಟ್ರಕ್ಕಿನ ಹಿಂದೆಯೋ ಕಟ್ಟಿಕೊಂಡು ಎಳೆದೊಯ್ಯುವ ಪುಟ್ಟ ಮನೆ. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಫ್ರಿಜ್ಜು, ಸಿಂಕು, ಬಚ್ಚಲು ಎಲ್ಲ ಇರುತ್ತವೆ. ಇಂಜಿನ್ ಒಂದು ಇರುವುದಿಲ್ಲ. ಮುಂದೆ, ಕೊಂಡಿಯ ಹತ್ತಿರ, ಎರಡು ಗ್ಯಾಸ್ ಸಿಲಿಂಡರ್, ಅದರ ಪಕ್ಕದಲ್ಲೇ ಒಂದು 12 ವೋಲ್ಟ್ ಬ್ಯಾಟರಿ. ಬೇಸಿಗೆಯಲ್ಲಿ ಕೆಲವು ವಾರ ಓಡಾಡಿದರೆ ಆಯ್ತು, ಉಳಿದ ಕಾಲವೆಲ್ಲ ಈ ಮನೆ ನಿಂತೇ ಇರುತ್ತದೆ. ಹಿಮ ಬೀಳುವ ರಾಜ್ಯಗಳಲ್ಲಂತೂ ಆರು ತಿಂಗಳು ಅದರ ಮೇಲೆ ಹೊದಿಕೆ. ವಸಂತ ಬಂದಾಗ ಹೊದಿಕೆ ತೆಗೆದು, ಬಾಗಿಲು ತೆರೆದು, ದೀಪದ ಸ್ವಿಚ್ ಒತ್ತಿದರೆ... ಕತ್ತಲೆ. ಬ್ಯಾಟರಿ ಪೂರ್ತಿ ಡೌನ್!

ನಾನು ಮಿಶಿಗನ್ನಿನಲ್ಲಿ ಕೆಲಸ ಮಾಡುವ ಸಾಫ್ಟ್‌ವೇರ್ ಕೂಲಿ :-) ಇಬ್ಬರು ಗೆಳೆಯರ ಜೊತೆ ಸೇರಿ ಹಳೆಯದೊಂದು ಟ್ರೈಲರ್ ಕೊಂಡಿದ್ದೇವೆ. ಗೆಳೆಯನ ತಂದೆ ತುಮಕೂರಿನಿಂದ ಬಂದಿದ್ದಾಗ, ಚಳಿಗಾಲಕ್ಕೆ ಗಾಡಿ ನಿಲ್ಲಿಸುವ ಮಾತು ನಡೆಯುತ್ತಿತ್ತು. ಬ್ಯಾಟರಿಯನ್ನು ಏನು ಮಾಡುವುದು ಅಂತ ನಾವು ಚರ್ಚಿಸುತ್ತಿದ್ದರೆ ಅವರು ಕೇಳಿದರು: "ಅಲ್ಲ ಕಣ್ರಪ್ಪಾ, ಎಲ್ಲಾ ಸ್ವಿಚ್ಚೂ ಆಫ್ ಮಾಡಿರ್ತೀರಿ. ಗಾಡಿ ನಿಂತಲ್ಲೇ ನಿಂತಿರುತ್ತೆ. ಮತ್ತೆ ಕರೆಂಟು ತಿನ್ನೋರು ಯಾರು?"

ಎಂಥಾ ಒಳ್ಳೆ ಪ್ರಶ್ನೆ ನೋಡಿ. ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ 160 ವರ್ಷಕ್ಕೂ ಹೆಚ್ಚಿನ ಇತಿಹಾಸ ಬಿಚ್ಚಿಕೊಳ್ಳುತ್ತದೆ. ಉತ್ತರದಲ್ಲಿ ಎರಡು ಭಾಗ. ಒಂದು ಸೋರಿಕೆ ಬ್ಯಾಟರಿಯ ಒಳಗೇ ಇದೆ, ಅದು ಹುಟ್ಟುಗುಣ. ಇನ್ನೊಂದು ಬ್ಯಾಟರಿಯ ಹೊರಗಿದೆ, ಅದನ್ನು ನಾವೇ ಒಂದೊಂದಾಗಿ, ಒಳ್ಳೆಯ ಉದ್ದೇಶಕ್ಕೇ, ಸೇರಿಸುತ್ತಾ ಬಂದಿದ್ದೇವೆ. ಮೊದಲನೆಯದನ್ನು ವಿಜ್ಞಾನಿಗಳು ಬಹುಮಟ್ಟಿಗೆ ಗೆದ್ದರು. ಎರಡನೆಯದು ಬೆಳೆಯುತ್ತಲೇ ಹೋಯಿತು. ಬನ್ನಿ, ಮೊದಲಿನಿಂದ ನೋಡೋಣ.

ಒಳಗಿನ ಸೋರಿಕೆ

1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಚಾಪೆ ಸುತ್ತಿದ ಹಾಗೆ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿ ಕರೆಂಟು ಹರಿಸಿದ. ಅದನ್ನು ಮತ್ತೆ ಮತ್ತೆ ಚಾರ್ಜ್ ಮಾಡಬಹುದಿತ್ತು. ನಮ್ಮ ಮನೆಯ ಯುಪಿಎಸ್ ಬ್ಯಾಟರಿ, ಕಾರಿನ ಬ್ಯಾಟರಿ, ಆಟೋದ ಬ್ಯಾಟರಿ ಎಲ್ಲದರ ಮುತ್ತಜ್ಜ ಇದೇ. ಆದರೆ ಪ್ಲಾಂಟೆಯ ಬ್ಯಾಟರಿ ಸಿದ್ಧವಾಗಲು ತುಂಬ ಕಾಲ ಹಿಡಿಯುತ್ತಿತ್ತು. ವಾರಗಟ್ಟಲೆ ಚಾರ್ಜು, ಡಿಸ್‌ಚಾರ್ಜು ಮಾಡಿದರೇನೇ ಸೀಸದ ಮೇಲೆ ಬೇಕಾದ ಪದರ ಬೆಳೆಯುವುದು. 1881ರಲ್ಲಿ ಅದೇ ದೇಶದ ಕಮಿಲ್ ಫೌರ್ ಸೀಸದ ಆಕ್ಸೈಡನ್ನು ಹಿಟ್ಟಿನ ಹಾಗೆ ಕಲಸಿ ಪ್ಲೇಟಿಗೆ ಮೆತ್ತುವ ಉಪಾಯ ಕಂಡುಹಿಡಿದ. ಅಲ್ಲಿಂದ ಬ್ಯಾಟರಿ ಕಾರ್ಖಾನೆಯ ಸರಕಾಯಿತು.

ಬ್ಯಾಟರಿ ಮಾರುಕಟ್ಟೆಗೆ ಕಾಲಿಟ್ಟ ಕೂಡಲೇ ಜನರ ಕಣ್ಣಿಗೆ ಬಿದ್ದದ್ದು ಇದೇ ತೊಂದರೆ. ತುಂಬಿಸಿಟ್ಟ ಬ್ಯಾಟರಿ ಸುಮ್ಮನೆ ಇಟ್ಟರೂ ಖಾಲಿಯಾಗುತ್ತದೆ! ತಂತಿ ಜೋಡಿಸಿಲ್ಲ, ಬಲ್ಬು ಹಾಕಿಲ್ಲ, ಆದರೂ ಖಾಲಿ. 1882ರಲ್ಲಿ ಇಂಗ್ಲೆಂಡಿನ ಜಾನ್ ಹಾಲ್ ಗ್ಲ್ಯಾಡ್‌ಸ್ಟನ್ ಮತ್ತು ಆಲ್ಫ್ರೆಡ್ ಟ್ರೈಬ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು 'ನೇಚರ್' ಪತ್ರಿಕೆಯಲ್ಲಿ ಈ ಬ್ಯಾಟರಿಗಳ ರಸಾಯನಶಾಸ್ತ್ರದ ಬಗ್ಗೆ ಲೇಖನಮಾಲೆಯನ್ನೇ ಶುರು ಮಾಡಿದರು. ಅದರ ಮೊದಲ ಕಂತಿನ ವಿಷಯ ಏನು ಗೊತ್ತೇ? ಬ್ಯಾಟರಿ ಹೇಗೆ ಕೆಲಸ ಮಾಡುತ್ತದೆ ಅಂತಲ್ಲ, ಸುಮ್ಮನೆ ಕೂತ ಬ್ಯಾಟರಿ ಯಾಕೆ ಖಾಲಿಯಾಗುತ್ತದೆ ಅಂತ! ಅದಕ್ಕೆ ಅವರು ಬಳಸಿದ ಹೆಸರು 'ಲೋಕಲ್ ಆಕ್ಷನ್'.

ವಿಷಯ ಸರಳ. ಬ್ಯಾಟರಿಯಲ್ಲಿ ಒಂದು ಪ್ಲೇಟು ಸೀಸ, ಇನ್ನೊಂದರ ಮೇಲೆ ಸೀಸದ ಡೈಆಕ್ಸೈಡ್. ಇವೆರಡರ ನಡುವೆ ಆಮ್ಲ ಇದ್ದರೆ ಕರೆಂಟು ಹುಟ್ಟುತ್ತದೆ. ಆದರೆ ಆ ಡೈಆಕ್ಸೈಡ್ ಕೂತಿರುವುದು ಯಾವುದರ ಮೇಲೆ? ಸೀಸದ ಹಾಳೆಯ ಮೇಲೇ! ಅಂದರೆ ಒಂದೇ ಪ್ಲೇಟಿನಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ, ಸುತ್ತ ಆಮ್ಲವೂ ಇದೆ. ಪ್ಲೇಟಿನ ತುಂಬ ಸಾವಿರಾರು ಸೂಕ್ಷ್ಮ ಬ್ಯಾಟರಿಗಳು ತಮ್ಮತಮ್ಮೊಳಗೇ ಶಾರ್ಟ್ ಆಗಿ ಉರಿದು ಮುಗಿಯುತ್ತಿರುತ್ತವೆ. ಎರಡೂ ಪ್ಲೇಟುಗಳು ಕೊನೆಗೆ ಸೀಸದ ಸಲ್ಫೇಟ್ ಆಗಿಬಿಡುತ್ತವೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಇದೊಂದು ಮೆಮೊರಿ ಲೀಕ್. ಪ್ರೋಗ್ರಾಮ್ ಏನೂ ಮಾಡದೆ ಕೂತಿದ್ದರೂ ಹಿನ್ನೆಲೆಯಲ್ಲಿ ಸೋರುತ್ತಲೇ ಇದೆ.

ಈ ಸೋರಿಕೆಯನ್ನು ಇನ್ನೂ ಹೆಚ್ಚಿಸಿದ್ದು ಒಂದು ಒಳ್ಳೆಯ ಸುಧಾರಣೆಯೇ. ಶುದ್ಧ ಸೀಸ ತುಂಬ ಮೆತ್ತಗೆ, ಪ್ಲೇಟು ಬಾಗಿಹೋಗುತ್ತದೆ. 1881ರಲ್ಲಿ ಜಾನ್ ಸೆಲ್ಲನ್ ಎಂಬಾತ ಸೀಸಕ್ಕೆ ಆಂಟಿಮನಿ ಲೋಹ ಬೆರೆಸಿ ಗಟ್ಟಿ ಮಾಡಿದ. ಪ್ಲೇಟು ಗಟ್ಟಿಯಾಯಿತು, ಆದರೆ ಆಂಟಿಮನಿ ಒಂದು ಪ್ಲೇಟಿನಿಂದ ನಿಧಾನವಾಗಿ ಕರಗಿ ಇನ್ನೊಂದರ ಮೇಲೆ ಹೋಗಿ ಕೂರುತ್ತದೆ. ಅಲ್ಲಿ ಅದು ಹೈಡ್ರೋಜನ್ ಗುಳ್ಳೆ ಏಳುವುದನ್ನು ಸುಲಭ ಮಾಡಿಕೊಡುತ್ತದೆ. ಗುಳ್ಳೆ ಎದ್ದಷ್ಟೂ ಚಾರ್ಜು ಸೋರಿತು, ನೀರೂ ಕಮ್ಮಿಯಾಯಿತು. ಬ್ಯಾಟರಿಗೆ ವಯಸ್ಸಾದಷ್ಟೂ ಇದು ಜಾಸ್ತಿ. ಊರಿನಲ್ಲಿ ಯುಪಿಎಸ್ ಬ್ಯಾಟರಿಗೆ ಅಪ್ಪ ಕೆಲವು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ನೋಡಿದ್ದೀರಲ್ಲ, ಅದರ ಹಿಂದೆ ಈ ಆಂಟಿಮನಿಯದ್ದೂ ಕೈವಾಡವಿದೆ.

1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿತು, ಬರಬರುತ್ತಾ ಪ್ರತಿ ಕಾರಿಗೂ ಬ್ಯಾಟರಿ ಬಂತು. ಆಗ ಕಾರಿನವರು ಈ ಸೋರಿಕೆಗೆ ತಲೆಕೆಡಿಸಿಕೊಳ್ಳಬೇಕಾದ ಅಗತ್ಯ ಅಷ್ಟಾಗಿ ಇರಲಿಲ್ಲ. ಕಾರು ಓಡುತ್ತದೆ, ಓಡುವಾಗ ಡೈನಮೋ ತುಂಬಿಸುತ್ತದೆ. ದುಡಿಯುವವನಿಗೆ ಸಣ್ಣಪುಟ್ಟ ಸೋರಿಕೆ ಲೆಕ್ಕಕ್ಕಿಲ್ಲ.

ಇದಕ್ಕೆ ತಲೆಕೆಡಿಸಿಕೊಂಡವರು ಟೆಲಿಫೋನಿನವರು! ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿಗಳು ವರ್ಷಗಟ್ಟಲೆ ಸುಮ್ಮನೆ ತುಂಬಿಕೊಂಡು ಕೂತಿರಬೇಕು, ಕರೆಂಟು ಹೋದ ಕ್ಷಣ ಎದ್ದು ನಿಲ್ಲಬೇಕು. 1935ರಲ್ಲಿ ಬೆಲ್ ಟೆಲಿಫೋನ್ ಲ್ಯಾಬೊರೇಟರೀಸ್‌ನ ಹೇರಿಂಗ್ ಮತ್ತು ಥಾಮಸ್, ಆಂಟಿಮನಿ ಬದಲು ಕ್ಯಾಲ್ಸಿಯಂ ಬೆರೆಸಿದ ಸೀಸದ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಕ್ಯಾಲ್ಸಿಯಂ ಬೇಕಾದದ್ದು ಶೇ. 0.1ಕ್ಕಿಂತಲೂ ಕಡಿಮೆ. ಪ್ಲೇಟು ಗಟ್ಟಿಯೂ ಆಯಿತು, ಸೋರಿಕೆಯೂ ಬಹಳ ತಗ್ಗಿತು. ಇದು ಕಾರಿನ ಬ್ಯಾಟರಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1970ರ ದಶಕದಲ್ಲಿ, 'ಮೇಂಟೆನೆನ್ಸ್ ಫ್ರೀ' ಎಂಬ ಹೆಸರಿನಲ್ಲಿ. ಇಂದು ಒಳ್ಳೆಯ ಸೀಲ್ ಮಾಡಿದ ಬ್ಯಾಟರಿ ತಂಪಾದ ಜಾಗದಲ್ಲಿದ್ದರೆ ತಿಂಗಳಿಗೆ ಕೆಲವೇ ಪರ್ಸೆಂಟ್ ಕಳೆದುಕೊಳ್ಳುತ್ತದೆ. ಬಿಸಿಲಿಗೆ ಇದು ಹೆಚ್ಚು, ಚಳಿಗೆ ಕಮ್ಮಿ. ಆರು ತಿಂಗಳ ಚಳಿಗಾಲವನ್ನು ತಾನಾಗಿಯೇ ಕಳೆಯುವ ಯೋಗ್ಯತೆ ಅದಕ್ಕಿದೆ.

ಹಾಗಾದರೆ ಟ್ರೈಲರಿನ ಬ್ಯಾಟರಿ ಎರಡೇ ವಾರದಲ್ಲಿ ಯಾಕೆ ಸಾಯುತ್ತದೆ? ಈಗ ಹೊರಗಿನ ಸೋರಿಕೆಗೆ ಬರೋಣ.

ಹೊರಗಿನ ಸೋರಿಕೆ

ಮೊದಲ ಟ್ರೈಲರುಗಳ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಸಂಘ ಹುಟ್ಟಿಕೊಂಡಿತು. ಕಾರಿಗೆ ಡೇರೆ ಕಟ್ಟಿಕೊಂಡು, ಡಬ್ಬಿ ಆಹಾರ ತಿನ್ನುತ್ತಾ ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುತ್ತಿದ್ದ ಜನ ಅವರು. 1930ರ ದಶಕದಲ್ಲಿ ಡೇರೆ ಹೋಗಿ ಗೋಡೆ ಇರುವ ಟ್ರೈಲರುಗಳು ಬಂದವು. 1936ರಲ್ಲಿ ವಾಲಿ ಬೈಯಮ್ ಎಂಬಾತನ ಏರ್‌ಸ್ಟ್ರೀಮ್ ಕಂಪನಿ 'ಕ್ಲಿಪ್ಪರ್' ಎಂಬ ಅಲ್ಯೂಮಿನಿಯಂ ಟ್ರೈಲರನ್ನು 1,200 ಡಾಲರಿಗೆ ಮಾರಲು ಶುರು ಮಾಡಿತು. ಆರ್ಥಿಕ ಕುಸಿತದ ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. ಒಳಗೆ ನೀರಿನ ವ್ಯವಸ್ಥೆ ಇತ್ತು, ವಿದ್ಯುತ್ ದೀಪಗಳೂ ಇದ್ದವು.

ಆದರೆ ಆ ದೀಪದ ಸ್ವಿಚ್ಚು ನಿಜವಾದ ಸ್ವಿಚ್ಚು. ಆರಿಸಿದರೆ ತಂತಿಯೇ ಕಡಿದ ಹಾಗೆ, ಒಂದು ಎಲೆಕ್ಟ್ರಾನೂ ಅತ್ತಿತ್ತ ಹೋಗುತ್ತಿರಲಿಲ್ಲ. ಫ್ರಿಜ್ಜಿಗೂ ಮುಂದೆ ಕರೆಂಟಿನ ಅವಲಂಬನೆ ಬೇಕಾಗಲಿಲ್ಲ. ಸ್ವೀಡನ್ನಿನ ವಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1922ರಲ್ಲೇ ಬೆಂಕಿಯ ಶಾಖದಿಂದ ತಣ್ಣಗಾಗುವ ಫ್ರಿಜ್ಜನ್ನು ಕಂಡುಹಿಡಿದಿದ್ದರು. ಮೋಟಾರಿಲ್ಲ, ಸದ್ದಿಲ್ಲ, ಒಂದು ಸಣ್ಣ ಗ್ಯಾಸ್ ಜ್ವಾಲೆ ಸಾಕು. ಟ್ರೈಲರಿಗೆ ಹೇಳಿ ಮಾಡಿಸಿದ ಹಾಗಿತ್ತು.

ಎರಡನೇ ಮಹಾಯುದ್ಧದ ನಂತರ ಜನರ ಆಸೆ ಬೇರೆ ಆಯಿತು. ಕರೆಂಟಿನ ಪ್ಲಗ್ಗು ಇಲ್ಲದ ಕಾಡಿನಲ್ಲೂ, ಪರದೇಶದಲ್ಲೂ ಮನೆಯ ಹಾಗೆ ಇರಬೇಕು! 1950ರ ದಶಕದ ಮಧ್ಯದಲ್ಲಿ ಅಮೆರಿಕದ ಕಾರುಗಳು 6 ವೋಲ್ಟಿನಿಂದ 12 ವೋಲ್ಟಿಗೆ ಬದಲಾದವು. ಅದೇ ದಶಕದ ಕೊನೆಗೆ ಏರ್‌ಸ್ಟ್ರೀಮ್ 'ಇಂಟರ್‌ನ್ಯಾಷನಲ್' ಎಂಬ ಮಾದರಿಯನ್ನು, ಹೊರಗಿನ ಯಾವ ಪ್ಲಗ್ಗೂ ಇಲ್ಲದೆ ಬದುಕಬಲ್ಲ ಟ್ರೈಲರ್ ಎಂದು ಮಾರಿತು. 1959ರಲ್ಲಿ ಬೈಯಮ್ ಕೇಪ್‌ಟೌನಿನಿಂದ ಕೈರೋವರೆಗೆ ಟ್ರೈಲರುಗಳ ಸಾಲನ್ನೇ ಕರೆದೊಯ್ದ. ಆತ 1962ರಲ್ಲಿ ತೀರಿಕೊಂಡ ಮೇಲೆ, 1963-64ರಲ್ಲಿ ಅವನ ಅನುಯಾಯಿಗಳು ಸಿಂಗಾಪುರದಿಂದ ಹೊರಟು ನಮ್ಮ ಭಾರತವನ್ನೂ ಹಾದು ಪೋರ್ಚುಗಲ್‌ವರೆಗೆ ಹೋದರು. ಇಂಥ ಬದುಕಿಗೆ ಟ್ರೈಲರಿನಲ್ಲೇ ಸ್ವಂತ ಬ್ಯಾಟರಿ ಬೇಕಾಯಿತು.

ಬ್ಯಾಟರಿ ಬಂತು ಅಂದಮೇಲೆ ಅದಕ್ಕೆ ನೆಂಟರು ಒಬ್ಬೊಬ್ಬರಾಗಿ ಬಂದರು. ರೇಡಿಯೋದ ಹಳೆಯ ತಿರುಗುಗುಂಡಿ 'ಟಕ್' ಅಂದರೆ ಪೂರ್ತಿ ಆಫ್. ಹೊಸ ರೇಡಿಯೋಗೆ ಗಡಿಯಾರ ನಡೆಸಬೇಕು, ಸ್ಟೇಷನ್ನುಗಳನ್ನು ನೆನಪಿಡಬೇಕು, ಹಾಗಾಗಿ ಸದಾ ಒಂದು ತೊಟ್ಟು ಕರೆಂಟು. ಗ್ಯಾಸ್ ಫ್ರಿಜ್ಜಿಗೆ ಬೆಂಕಿಕಡ್ಡಿಯ ಬದಲು ಎಲೆಕ್ಟ್ರಾನಿಕ್ ಬೋರ್ಡ್ ಬಂತು. ಕೆಲವಕ್ಕೆ ಬಾಗಿಲಿನ ಚೌಕಟ್ಟಿನಲ್ಲಿ ತೇವ ಕೂರದಂತೆ ಪುಟ್ಟ ಹೀಟರ್ ಕೂಡ. ಟಿವಿ ಆಂಟೆನಾಕ್ಕೊಂದು ಬೂಸ್ಟರ್, ಅದರ ಮೂಲೆಯಲ್ಲೊಂದು ಚಿಕ್ಕ ದೀಪ. ಆರಿಸಲು ಮರೆತರೆ ತಿಂಗಳುಗಟ್ಟಲೆ ಉರಿಯುತ್ತದೆ. ಇನ್ವರ್ಟರ್ ಇದ್ದರೆ ಅದಕ್ಕೆ ಕೆಲಸವಿಲ್ಲದಾಗಲೂ ಹಸಿವು.

ಇವರೆಲ್ಲರಿಗಿಂತ ಮುಖ್ಯ ನೆಂಟ ಇನ್ನೊಬ್ಬನಿದ್ದಾನೆ. ಅವನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಿದ್ದೆ ಮಾಡದ ಕಾವಲುಗಾರ

1960ರ ಸುಮಾರಿಗೆ ಜಪಾನಿನ ಮನೆಗಳಿಗೆ ಸಿಲಿಂಡರ್ ಗ್ಯಾಸ್ ವೇಗವಾಗಿ ಹರಡುತ್ತಿತ್ತು. ಸೋರಿದ ಗ್ಯಾಸು ಸ್ಫೋಟಿಸಿ ಜನ ಸಾಯುತ್ತಿದ್ದರು. ನಾವೋಯೋಷಿ ಟಾಗುಚಿ ಎಂಬ ಸಂಶೋಧಕ 1962ರಲ್ಲಿ ಒಂದು ಸೆನ್ಸರಿಗೆ ಪೇಟೆಂಟ್ ಅರ್ಜಿ ಹಾಕಿದ. ತವರದ ಆಕ್ಸೈಡಿನ ಒಂದು ಪುಟ್ಟ ತುಣುಕು. ಬಿಸಿ ಮಾಡಿದಾಗ ಗಾಳಿಯ ಆಕ್ಸಿಜನ್ ಅದರ ಮೇಲೆ ಕೂತು ಕರೆಂಟಿಗೆ ಅಡ್ಡಿ ಮಾಡುತ್ತದೆ. ಗ್ಯಾಸ್ ಬಂದರೆ ಆ ಆಕ್ಸಿಜನ್ ಖರ್ಚಾಗಿ ಅಡ್ಡಿ ಕಡಿಮೆಯಾಗುತ್ತದೆ, ಕರೆಂಟು ಜಾಸ್ತಿ ಹರಿಯುತ್ತದೆ, ಗಂಟೆ ಹೊಡೆಯುತ್ತದೆ. 1969ರಲ್ಲಿ ಇದನ್ನು ತಯಾರಿಸಲೆಂದೇ ಫಿಗಾರೋ ಎಂಬ ಕಂಪನಿ ಶುರುವಾಯಿತು.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಈ ಸೆನ್ಸರು ಕೆಲಸ ಮಾಡಬೇಕಾದರೆ ಬಿಸಿಯಾಗಿರಲೇಬೇಕು, ನೂರಾರು ಡಿಗ್ರಿ. ಅಂದರೆ ಅದರೊಳಗೆ ಒಂದು ಪುಟ್ಟ ಹೀಟರು ಹಗಲೂ ರಾತ್ರಿ ಉರಿಯುತ್ತಲೇ ಇರಬೇಕು. ಟ್ರೈಲರಿನ ನೆಲದ ಹತ್ತಿರ ಗೋಡೆಯಲ್ಲಿ ಒಂದು ಚೌಕಾಕಾರದ ಡಬ್ಬಿ, ಹಸಿರು ದೀಪದ ಸಮೇತ ಇರುತ್ತದಲ್ಲ, ಅದೇ ಗ್ಯಾಸ್ ಡಿಟೆಕ್ಟರ್. ನೆಲದ ಹತ್ತಿರ ಯಾಕೆಂದರೆ ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೀರಿನ ಹಾಗೆ ಕೆಳಗೆ ತುಂಬಿಕೊಳ್ಳುತ್ತದೆ. ಅಮೆರಿಕದ ಸುರಕ್ಷತಾ ನಿಯಮಾವಳಿಯಾದ ಎನ್‌ಎಫ್‌ಪಿಎ 1192ರ ಪ್ರಕಾರ ಗ್ಯಾಸ್ ಇರುವ ಟ್ರೈಲರಿಗೆ ಇದು ಕಡ್ಡಾಯ. ಕಾರ್ಬನ್ ಮೊನಾಕ್ಸೈಡಿಗೂ ಎಚ್ಚರಿಕೆಯ ಗಂಟೆ ಇರಬೇಕು. ಇಂಥ ಡಿಟೆಕ್ಟರುಗಳಿಗೆ ಆಫ್ ಸ್ವಿಚ್ಚು ಇಟ್ಟಿರುವುದಿಲ್ಲ. ಇಡಲೂ ಬಾರದು. ಕಾವಲುಗಾರನಿಗೆ ಮಲಗುವ ಗುಂಡಿ ಕೊಟ್ಟರೆ ಹೇಗೆ?

ಅಂಕಲ್ ಕೇಳಿದ ಪ್ರಶ್ನೆಗೆ ಇಲ್ಲಿದೆ ಉತ್ತರ. ಎಲ್ಲಾ ಸ್ವಿಚ್ಚೂ ಆಫ್ ಮಾಡಿದರೂ ಉಣ್ಣುತ್ತಲೇ ಇರುವವರಲ್ಲಿ ಮೊದಲಿಗ, ನಮ್ಮ ಜೀವ ಕಾಯುವವನೇ!

ಈಗ ಒಂದು ಸಣ್ಣ ಲೆಕ್ಕ. ಡಿಟೆಕ್ಟರ್ ಒಂದೇ ಇದ್ದು, ಅದು 0.1 ಆಂಪಿಯರ್ ತಿನ್ನುತ್ತದೆ ಅಂತಿಟ್ಟುಕೊಳ್ಳಿ. ದಿನಕ್ಕೆ 24 ಗಂಟೆ, ಅಂದರೆ 2.4 ಆಂಪಿಯರ್-ಅವರ್. 80 ಆಂಪಿಯರ್-ಅವರ್ ಬ್ಯಾಟರಿ ಅರ್ಧಕ್ಕಿಳಿಯಲು 16-17 ದಿನ, ಪೂರ್ತಿ ಖಾಲಿಯಾಗಲು 33 ದಿನ. ರೇಡಿಯೋ, ಫ್ರಿಜ್ಜಿನ ಬೋರ್ಡ್, ಬೂಸ್ಟರ್ ಎಲ್ಲ ಸೇರಿ ಕಾಲು ಆಂಪಿಯರ್ ಆದರೆ ದಿನಕ್ಕೆ 6 ಆಂಪಿಯರ್-ಅವರ್. ಅರ್ಧಕ್ಕಿಳಿಯಲು ಒಂದು ವಾರವೂ ಬೇಡ, ಎರಡು ವಾರದೊಳಗೆ ಕುಡಿಕೆ ಬರಿದು! ಒಳಗಿನ ಸೋರಿಕೆ ತಿಂಗಳಿಗೆ ಕೆಲವು ಪರ್ಸೆಂಟ್, ಹೊರಗಿನದು ದಿನಕ್ಕೇ ಏಳು ಪರ್ಸೆಂಟಿಗಿಂತ ಹೆಚ್ಚು. ಹೇರಿಂಗ್, ಥಾಮಸ್ ಗೆದ್ದುಕೊಟ್ಟಿದ್ದನ್ನೆಲ್ಲ ಒಂದು ಹಸಿರು ದೀಪದ ಡಬ್ಬಿ ಮತ್ತದರ ಗೆಳೆಯರು ತಿಂದು ಮುಗಿಸಿದರು.

ಇದು ಅಮೆರಿಕದವರ ಶ್ರೀಮಂತಿಕೆಯ ರೋಗ ಅನ್ನಬೇಡಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ನಿಂತ ಕಾರುಗಳಿಗೂ ಆದದ್ದು ಇದೇ. ರಿಮೋಟ್ ಲಾಕ್, ಅಲಾರಂ, ಕಂಪ್ಯೂಟರ್ ಎಲ್ಲ ಎಚ್ಚರವಾಗಿದ್ದು ತಿಂಗಳುಗಟ್ಟಲೆ ಉಂಡವು. ಗ್ಯಾರೇಜಿನವರು ಫೋನಿನಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: "ಸಾರ್, ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ."

ಖಾಲಿಯಾದರೆ ಏನಾಯ್ತು, ಮತ್ತೆ ತುಂಬಿಸಿದರಾಯ್ತು ಅನ್ನಬಹುದು. ಆದರೆ ಸೀಸದ ಬ್ಯಾಟರಿ ಖಾಲಿ ಹೊಟ್ಟೆಯಲ್ಲಿ ಕೂತರೆ ಅದರ ಸಲ್ಫೇಟಿನ ನವಿರಾದ ಹರಳುಗಳು ಬೆಳೆದು ಗಟ್ಟಿಯಾಗುತ್ತವೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಕರಗುವುದಿಲ್ಲ. ಇನ್ನೊಂದು ಅಪಾಯ ಚಳಿ. ತುಂಬಿದ ಬ್ಯಾಟರಿಯ ಆಮ್ಲ ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದ ಬ್ಯಾಟರಿಯಲ್ಲಿ ಉಳಿಯುವುದು ಹೆಚ್ಚುಕಡಿಮೆ ನೀರೇ. ಅದು ಮೈನಸ್ 7-8 ಡಿಗ್ರಿಯ ಸುಮಾರಿಗೇ ಹೆಪ್ಪುಗಟ್ಟಿ ಡಬ್ಬಿ ಸೀಳುತ್ತದೆ. ಮಿಶಿಗನ್ನಿನ ಜನವರಿಯಲ್ಲಿ ಆ ಚಳಿ ಸಾಮಾನ್ಯ ಸಂಗತಿ.

ಫ್ಯೂಸ್ ಕಿತ್ತವರ ಕಥೆ

ನಾವು ಗಾಡಿ ನಿಲ್ಲಿಸುವ ಮೈದಾನದಲ್ಲಿ ಪಕ್ಕದ ಟ್ರೈಲರಿನ ಹಿರಿಯರೊಬ್ಬರು ಸಿಗುತ್ತಿರುತ್ತಾರೆ. ಬಹಳ ಅನುಭವಿ. ಬ್ಯಾಟರಿಯ ಬಗ್ಗೆ ಕೇಳಿದ್ದಕ್ಕೆ, "ಅದೇನು ಮಹಾ, ಆ ಗ್ಯಾಸ್ ಡಿಟೆಕ್ಟರಿನ ಫ್ಯೂಸ್ ಕಿತ್ತುಬಿಟ್ಟಿದ್ದೇನೆ, ಎರಡು ವರ್ಷದಿಂದ ಬ್ಯಾಟರಿ ಕಲ್ಲಿನ ಹಾಗಿದೆ" ಅಂದರು. ಎರಡು ವರ್ಷ! ಅಂದರೆ ಎರಡು ಬೇಸಿಗೆ ಗಂಡ ಹೆಂಡತಿ ಮತ್ತು ಮೊಮ್ಮಕ್ಕಳು ಕಾವಲುಗಾರನಿಲ್ಲದೆ ಅದರಲ್ಲಿ ಮಲಗಿದ್ದಾರೆ. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಟಾಗುಚಿಯ ಕಥೆಯನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಡ್ರಾಯರಿನಲ್ಲಿ ಫ್ಯೂಸ್ ಹುಡುಕತೊಡಗಿದರು.

ಈ ಇತಿಹಾಸದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ. ಬ್ಯಾಟರಿ ಉಳಿಸುವುದು ಎಂದರೆ ಉಣ್ಣುವವರಲ್ಲಿ ಯಾರನ್ನೋ ಒಬ್ಬರನ್ನು ಆರಿಸಿ ಮನೆಯಿಂದ ಓಡಿಸುವುದಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಎಲ್ಲರ ಊಟ ಒಟ್ಟಿಗೆ ನಿಲ್ಲಬೇಕು, ಜನ ಒಳಗೆ ಬಂದ ಕ್ಷಣ ಎಲ್ಲರೂ ಒಟ್ಟಿಗೆ ಏಳಬೇಕು. ಅದಕ್ಕೆ ಇರುವುದು ಬಹಳ ಹಳೆಯ ಸಾಧನ: ಮೇನ್ ಸ್ವಿಚ್. ಬ್ಯಾಟರಿಯ ದಪ್ಪ ತಂತಿಗೇ ಹಾಕುವ ಕೆಂಪು ಹಿಡಿಕೆಯ ಡಿಸ್‌ಕನೆಕ್ಟ್ ಸ್ವಿಚ್. ಎಲೆಕ್ಟ್ರಾನಿಕ್ಸ್ ಏನೂ ಇಲ್ಲ, ಎರಡು ತಾಮ್ರದ ತುಂಡು ಸೇರುತ್ತವೆ ಅಥವಾ ದೂರವಾಗುತ್ತವೆ, ಅಷ್ಟೇ. ತಿರುಗಿಸಿದರೆ 1936ರ ದೀಪದ ಸ್ವಿಚ್ಚಿನ ಹಾಗೆ ನಿಜವಾದ ಆಫ್. ಫ್ಯೂಸ್ ಕಿತ್ತವರಿಗೆ ಮರೆತುಹೋಗಬಹುದು. ಮೇನ್ ಸ್ವಿಚ್ ಮರೆತರೆ ದೀಪವೇ ಹತ್ತುವುದಿಲ್ಲ, ಹಾಗಾಗಿ ಮರೆಯಲು ಸಾಧ್ಯವೇ ಇಲ್ಲ. ಒಳ್ಳೆಯ ಡಿಸೈನ್ ಅಂದರೆ ಇದು ಅಲ್ಲವೇ?

ಇದಕ್ಕೊಂದು ಎಚ್ಚರಿಕೆ ಇದೆ. ಓಡುವಾಗ ಟ್ರೈಲರಿನ ಕೊಂಡಿ ಕಳಚಿದರೆ ಒಂದು ತಂತಿ ಎಳೆದುಕೊಂಡು ಪಿನ್ನು ಕಿತ್ತು ಬರುತ್ತದೆ, ಆಗ ಟ್ರೈಲರಿನ ಬ್ಯಾಟರಿಯೇ ಅದರ ಬ್ರೇಕಿಗೆ ಕರೆಂಟು ಕೊಟ್ಟು ನಿಲ್ಲಿಸುತ್ತದೆ. ಇದಕ್ಕೆ ಬ್ರೇಕ್‌ಅವೇ ಸ್ವಿಚ್ ಎನ್ನುತ್ತಾರೆ. ಈ ಒಂದು ತಂತಿ ಮಾತ್ರ ಮೇನ್ ಸ್ವಿಚ್ಚಿನ ಆಚೆ, ನೇರವಾಗಿ ಬ್ಯಾಟರಿಗೆ ಹೋಗಬೇಕು. ಪಿನ್ನು ಒಳಗಿದ್ದರೆ ಅದು ಏನೂ ತಿನ್ನುವುದಿಲ್ಲ. ಕೆಲವರು ನಿಲ್ಲಿಸಿದ ಗಾಡಿ ಉರುಳದಿರಲಿ ಎಂದು ಈ ಪಿನ್ನನ್ನು ಎಳೆದಿಡುತ್ತಾರೆ. ಆಗ ಬ್ರೇಕಿನ ಅಯಸ್ಕಾಂತಗಳು ಹತ್ತಾರು ಆಂಪಿಯರ್ ಎಳೆದು ಕೆಲವೇ ಗಂಟೆಗಳಲ್ಲಿ ಬ್ಯಾಟರಿಯನ್ನು ಮುಗಿಸುತ್ತವೆ. ಗಾಡಿ ಉರುಳದಿರಲು ಚಕ್ರಕ್ಕೆ ಅಡ್ಡಗಟ್ಟೆ ಕೊಡಿ, ಸಾಕು.

ತುಂಬಿಸುವ ದಾರಿಗಳು

ಸೋರಿಕೆ ತಡೆಯುವ ಬದಲು ಸೋರಿದಷ್ಟು ತುಂಬಿಸುತ್ತಾ ಹೋಗುವುದು ಇನ್ನೊಂದು ದಾರಿ. ಮೊದಲಿಗೆ ಜನ ಗಾಡಿಯನ್ನು ಮನೆಯ ಪ್ಲಗ್ಗಿಗೇ ಸಿಕ್ಕಿಸಿಟ್ಟರು. ಹಳೆಯ ಕನ್ವರ್ಟರುಗಳು ಬ್ಯಾಟರಿ ತುಂಬಿದ ಮೇಲೂ 13.8 ವೋಲ್ಟಿನ ಸುಮಾರಿಗೆ ನೂಕುತ್ತಲೇ ಇರುತ್ತಿದ್ದವು. ತಿಂಗಳುಗಟ್ಟಲೆ ಹಾಗೆ ಬಿಟ್ಟರೆ ನೀರು ಆರಿ ಪ್ಲೇಟುಗಳು ಒಣಗಿ ಬ್ಯಾಟರಿ ಸಾಯುತ್ತಿತ್ತು. ಉಪವಾಸದಿಂದ ಉಳಿಸಲು ಹೋಗಿ ಅಜೀರ್ಣದಿಂದ ಕೊಂದ ಹಾಗೆ! ಆಮೇಲೆ ಬಂದ ಹಂತಹಂತದ ಚಾರ್ಜರುಗಳು ತುಂಬಿದ ಮೇಲೆ ವೋಲ್ಟೇಜನ್ನು 13.2ರ ಆಸುಪಾಸಿಗೆ ಇಳಿಸಿ ಸುಮ್ಮನೆ ಕಾವಲು ಕಾಯುತ್ತವೆ.

ಪ್ಲಗ್ಗಿಲ್ಲದ ಮೈದಾನಕ್ಕೆ ಸೂರ್ಯ ಇದ್ದಾನೆ. 1954ರ ಏಪ್ರಿಲಿನಲ್ಲಿ ಚೇಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಸುಮಾರು ಶೇ. 6 ದಕ್ಷತೆಯ ಸಿಲಿಕಾನ್ ಸೌರಕೋಶವನ್ನು ಜಗತ್ತಿಗೆ ತೋರಿಸಿದ್ದು ಎಲ್ಲಿ ಗೊತ್ತೇ? ಅದೇ ಬೆಲ್ ಲ್ಯಾಬ್ಸ್! ದೂರದ ಟೆಲಿಫೋನ್ ಪೆಟ್ಟಿಗೆಗಳ ಬ್ಯಾಟರಿ ಕೆಡದಂತೆ ಏನು ಮಾಡುವುದು ಎಂಬ ಚಿಂತೆಯೇ ಅದಕ್ಕೂ ಮೂಲ. ಇಂದು 20 ವಾಟಿನ ಪ್ಯಾನೆಲ್ಲು ನಾಲ್ಕು ಗಂಟೆಯ ಒಳ್ಳೆಯ ಬಿಸಿಲಿಗೆ ಸುಮಾರು 5 ಆಂಪಿಯರ್-ಅವರ್ ಕೊಡುತ್ತದೆ. ಡಿಟೆಕ್ಟರ್ ಒಂದಕ್ಕಾದರೆ ಧಾರಾಳ, ಕಾಲು ಆಂಪಿಯರಿನ ಸಂಸಾರಕ್ಕೆ ಸಾಲದು. ಮೇಲೆ ಹಿಮ ಕೂತರೆ ಅದೂ ಇಲ್ಲ. ಅಂದಹಾಗೆ, ಟ್ರಕ್ಕಿಗೆ ಕಟ್ಟಿ ಅರ್ಧ ಗಂಟೆ ಓಡಿಸಿದರೆ ತುಂಬುತ್ತದೆ ಎಂದು ನಂಬಿದವರು ಬಹಳ. ಟ್ರಕ್ಕಿನಿಂದ ಟ್ರೈಲರಿಗೆ ಬರುವ ತಂತಿ ಉದ್ದ ಮತ್ತು ತೆಳು, ಅಷ್ಟು ಹೊತ್ತಿನಲ್ಲಿ ಅದರಿಂದ ಬರುವುದು ಅಲ್ಪಸ್ವಲ್ಪ.

ಕೊನೆಗೆ ಲಿಥಿಯಂ. 1997ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಪಾಢಿ, ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್ ಎಂಬ ಮೂವರು ಲಿಥಿಯಂ ಐರನ್ ಫಾಸ್ಫೇಟ್ ಬಗ್ಗೆ ಬರೆದ ಪ್ರಬಂಧವೇ ಇಂದಿನ ಟ್ರೈಲರ್ ಲಿಥಿಯಂ ಬ್ಯಾಟರಿಗಳ ಮೂಲ. ನಂಜುಂಡಸ್ವಾಮಿ ಎಂಬ ಹೆಸರನ್ನು ಆ ಸಾಲಿನಲ್ಲಿ ಮೊದಲ ಸಲ ಓದಿದಾಗ ನನ್ನ ಕನ್ನಡದ ಕಿವಿ ನೆಟ್ಟಗಾಗಿದ್ದು ಸುಳ್ಳಲ್ಲ :-) ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಗಳ ಕೆಲಸಕ್ಕಾಗಿ 2019ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಈ ಬ್ಯಾಟರಿಯ ಒಳಗಿನ ಸೋರಿಕೆ ಬಹಳ ಕಡಿಮೆ. ಸಲ್ಫೇಟಿನ ಕಾಟವಿಲ್ಲ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಡುತ್ತದೆ.

ಲಿಥಿಯಂ ಹಾಕಿಬಿಟ್ಟರೆ ಸಮಸ್ಯೆ ಮುಗಿಯಿತಾ? ಅದೇ ಕಾಲು ಆಂಪಿಯರ್ ಲೆಕ್ಕ ಹಾಕಿ. 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ 17 ದಿನಕ್ಕೆ ಖಾಲಿ! ಒಳಗಿನ ಸೋರಿಕೆಯನ್ನು ನೊಬೆಲ್ ಮಟ್ಟದ ವಿಜ್ಞಾನ ಗೆದ್ದಿತು. ಹೊರಗಿನ ಸೋರಿಕೆಗೆ ಇಂದಿಗೂ ಬೇಕಾದದ್ದು ಒಂದು ಕೆಂಪು ಹಿಡಿಕೆಯನ್ನು ತಿರುಗಿಸುವ ಕೈ.

ನಾವು ಮಾಡುವುದು ಇಷ್ಟೇ. ಗಾಡಿ ನಿಲ್ಲಿಸುವ ಮುಂಚೆ ಬ್ಯಾಟರಿಯನ್ನು ಪೂರ್ತಿ ತುಂಬಿಸುತ್ತೇವೆ. ಕೆಲವು ಗಂಟೆ ಬಿಟ್ಟು ಮೀಟರಿನಲ್ಲಿ ನೋಡಿದರೆ ಸೀಸದ ಬ್ಯಾಟರಿ 12.6 ವೋಲ್ಟಿಗಿಂತ ಮೇಲಿರಬೇಕು. ಗ್ಯಾಸ್ ಸಿಲಿಂಡರ್ ಬಂದ್, ಆಮೇಲೆ ಮೇನ್ ಸ್ವಿಚ್ ಆಫ್. ತಿಂಗಳಿಗೊಮ್ಮೆ ಹೋಗಿ ಮೀಟರ್ ಹಿಡಿಯುತ್ತೇವೆ, 12.4ಕ್ಕಿಂತ ಇಳಿದಿದ್ದರೆ ಚಾರ್ಜ್. ವಸಂತದಲ್ಲಿ ಒಳಗೆ ಕಾಲಿಟ್ಟಾಗ ಮೊದಲು ಮೇನ್ ಸ್ವಿಚ್ ಆನ್ ಮಾಡಿ, ಹಸಿರು ದೀಪ ಹತ್ತಿದ್ದನ್ನು ನೋಡಿ, ಡಿಟೆಕ್ಟರಿನ ಟೆಸ್ಟ್ ಗುಂಡಿ ಒತ್ತುತ್ತೇವೆ. ಕಿವಿ ಕಿವುಡಾಗುವ ಹಾಗೆ ಕೂಗುತ್ತದೆ. ಆ ಕೂಗು ಕೇಳಿದ ಮೇಲೆಯೇ ಸಿಲಿಂಡರ್ ತೆರೆಯುವುದು, ಕಾಫಿಗೆ ನೀರಿಡುವುದು.

ನಿಮ್ಮಲ್ಲಿ ಟ್ರೈಲರ್ ಇಲ್ಲದಿರಬಹುದು, ಆದರೆ ನಿಂತ ಕಾರೋ ಬೈಕೋ ಇದ್ದೇ ಇರುತ್ತದೆ. ಅದು ಆಫ್ ಆಗಿದೆ ಎಂದು ನೀವು ಅಂದುಕೊಂಡಾಗ ಅದರಲ್ಲಿ ಯಾರು ಯಾರು ಎಚ್ಚರವಾಗಿದ್ದಾರೆ, ಒಮ್ಮೆ ಲೆಕ್ಕ ಹಾಕಿ ನೋಡಿ.